ಬೀಜದ ಕಾನೂನು ಬಲ್ಲವರು ಪಂಚಾಯಿತಿಗೆ ಇಬ್ಬರಾದರೂ ಬೇಡವೇ?



ಈ ವಾರ ಗೊಬ್ಬರ, ಔಷಧಿಗಳ ಮಾತು ಬಿಟ್ಟು ಒಂದು ಪುಸ್ತಕದ ಮಾತು ಆಡೋಣ. ಆ ಪುಸ್ತಕ ನಿಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಬೀರುವಿನಲ್ಲಿದೆ, ಅಥವಾ ಇರಬೇಕು. ಅದರ ಹೆಸರು ಜನತಾ ಜೀವವೈವಿಧ್ಯ ದಾಖಲಾತಿ. ಪಂಚಾಯಿತಿಯ ಎಲ್ಲೆಯೊಳಗೆ ಯಾವ ಯಾವ ಬೆಳೆ ಇದೆ, ಒಂದೊಂದು ಬೆಳೆಯಲ್ಲಿ ಯಾವ ಯಾವ ತಳಿ ಇದೆ, ಯಾವ ಗಿಡಮರಗಳಿವೆ, ಅವುಗಳ ವಿಷಯದಲ್ಲಿ ಊರಿನವರಿಗೆ ಏನೇನು ತಿಳಿದಿದೆ ಎಂಬುದನ್ನು ಬರೆದಿಡಬೇಕಾದ ಪುಸ್ತಕ ಅದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ವಾಚನಾಲಯಗಳಲ್ಲಿ ಕುಳಿತು ಈ ಪುಟ ಓದುತ್ತಿರುವವರಲ್ಲಿ ಎಷ್ಟು ಮಂದಿ ಅದನ್ನು ಕಣ್ಣಾರೆ ಕಂಡಿದ್ದೀರಿ?

ನಾನು ಕಂಡ ಒಂದು ಪುಸ್ತಕದ ಸಂಗತಿ ಹೇಳುತ್ತೇನೆ. ಯಾವ ಪಂಚಾಯಿತಿ ಎಂಬುದು ಬೇಡ. ಒಳ್ಳೆಯ ರಟ್ಟು ಹಾಕಿ, ಬಣ್ಣದ ಚಿತ್ರ ಅಂಟಿಸಿ, ಅಂದವಾಗಿ ಕಟ್ಟಿಸಿದ್ದರು. ಬೆಳೆಗಳ ಪುಟ ತೆರೆದರೆ 'ರಾಗಿ' ಎಂದು ಒಂದು ಸಾಲು, 'ಭತ್ತ' ಎಂದು ಇನ್ನೊಂದು ಸಾಲು, 'ಅವರೆ', 'ಹುರುಳಿ' ಎಂದು ಮತ್ತೆರಡು. ತಳಿಯ ಹೆಸರು ಬರೆಯುವ ಜಾಗದಲ್ಲಿ ಎಲ್ಲದಕ್ಕೂ 'ಸ್ಥಳೀಯ' ಎಂದು ಬರೆದು ಕೈತೊಳೆದುಕೊಂಡಿದ್ದರು. ಅದೇ ಊರಿನಲ್ಲಿ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸಿದೆ. ಉಂಡೆ ರಾಗಿ ಯಾವುದು, ಗಿಡ್ಡ ರಾಗಿ ಯಾವುದು, ಹಸಿರುಕಡ್ಡಿ ಯಾವ ಹೊಲಕ್ಕೆ ಒಗ್ಗುತ್ತದೆ, ಬಿಳಿ ರಾಗಿಯ ಹಿಟ್ಟು ಹೇಗಿರುತ್ತದೆ ಎಂದು ಬಾಯೊಳಗಿನ ಎಲೆಯಡಿಕೆ ಮುಗಿಯುವುದರೊಳಗೆ ಹೇಳಿ ಮುಗಿಸಿದರು. ಪುಸ್ತಕ ಬರೆಯಲು ಬಂದವರು ಆ ಜಗಲಿ ಹತ್ತಿರಲಿಲ್ಲ. ಕೊನೆಗೆ ಸಮಿತಿಯ ಸದಸ್ಯರೊಬ್ಬರನ್ನು ಹುಡುಕಿಕೊಂಡು ಹೋದೆ. "ನಾನು ಆ ಸಮಿತಿಯಲ್ಲಿ ಇದ್ದೀನಾ ಸ್ವಾಮಿ?" ಎಂದು ಅವರೇ ನನ್ನನ್ನು ಕೇಳಿದರು!

ಹೀಗೇಕಾಯಿತು ಎಂಬುದಕ್ಕೆ ಕಾರಣವಿದೆ. ಜೈವಿಕ ವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನವರನ್ನು ಕೇಳಿ ಆ ಸಮಿತಿಯೇ ದಾಖಲಾತಿ ಬರೆಯಬೇಕು ಎಂದು ಕಾನೂನು ಹೇಳಿತು. ವರ್ಷಗಳು ಉರುಳಿದರೂ ದೇಶದ ಬಹುಭಾಗದಲ್ಲಿ ಕೆಲಸ ಏಳಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗುಡುಗಿತು. 2020ರ ಜನವರಿ 31ರೊಳಗೆ ಸಮಿತಿ, ದಾಖಲಾತಿ ಎರಡೂ ಮುಗಿಯಬೇಕು, ಇಲ್ಲವಾದರೆ ಒಂದೊಂದು ರಾಜ್ಯವೂ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ಕಟ್ಟಬೇಕು ಎಂದಿತು. ದಂಡಕ್ಕೆ ಹೆದರಿ ಓಡಿದ ಓಟದಲ್ಲಿ ಪುಸ್ತಕಗಳು ಎದ್ದವು, ಸಮಿತಿಗಳೂ ಕಾಗದದ ಮೇಲೆ ಎದ್ದವು. ಅದರಲ್ಲಿ ಕುಳಿತವರಿಗೆ ಇದು ಏನು, ಏಕೆ ಎಂದು ಕಲಿಸುವುದು ಮಾತ್ರ ಹಿಂದೆ ಬಿತ್ತು.

'ಹೋಗಲಿ ಬಿಡಿ, ಪಂಚಾಯಿತಿಯಲ್ಲಿ ಇಂಥ ಪುಸ್ತಕ ಎಷ್ಟಿಲ್ಲ' ಎಂದು ನೀವು ಅನ್ನಬಹುದು. ಹಾಗನ್ನುವಂತಿಲ್ಲ. ಆ ಸಮಿತಿಯವರ ಒಂದು ರುಜುವಿಗೆ ಎಷ್ಟು ಬೆಲೆ ಇದೆ ಎಂಬುದನ್ನು ನೋಡಿ.

ನಿಮ್ಮ ಹೊಲದಲ್ಲಿ ನಿಮ್ಮ ತಂದೆಯ ಕಾಲದಿಂದ ಆರಿಸಿಕೊಂಡು ಬಂದ ಒಂದು ಭತ್ತ ಇದೆ ಎನ್ನಿ. ಅದನ್ನು 'ರೈತರ ತಳಿ' ಎಂದು ನಿಮ್ಮ ಹೆಸರಿನಲ್ಲೋ ಊರಿನ ಹೆಸರಿನಲ್ಲೋ ನೋಂದಾಯಿಸಬಹುದು. ಇದಕ್ಕೆ ಅವಕಾಶ ಕೊಟ್ಟದ್ದು ಇನ್ನೊಂದು ಕಾನೂನು, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರ ಪ್ರಾಧಿಕಾರ 2005ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ರೈತರಿಗೆ ನೋಂದಣಿ ಶುಲ್ಕವಿಲ್ಲ. ಆದರೆ ಅರ್ಜಿಗೆ ದೃಢೀಕರಣ ಬೇಕು. ಅದನ್ನು ಕೊಡಬಲ್ಲವರು ಜಿಲ್ಲಾ ಕೃಷಿ ಅಧಿಕಾರಿ, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರು, ಇಂಥ ಕೆಲವೇ ಮಂದಿ. ಅವರ ಸಾಲಿನಲ್ಲೇ ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿಗಳೂ ಇದ್ದಾರೆ. ತಾನು ಸಮಿತಿಯಲ್ಲಿರುವುದೇ ಗೊತ್ತಿಲ್ಲದವನ ಕೈಗೆ ಕಾನೂನು ಈ ಮುದ್ರೆಯನ್ನು ಕೊಟ್ಟು ಕುಳಿತಿದೆ. ಬಂದವರಿಗೆಲ್ಲ ಅದನ್ನು ಒತ್ತಿಕೊಟ್ಟರೂ ಕಷ್ಟ, ಏನೆಂದು ತಿಳಿಯದೆ ಯಾರಿಗೂ ಒತ್ತದಿದ್ದರೂ ಕಷ್ಟ.

ಮತ್ತೊಂದು ಸಂಗತಿ. ಯಾವುದೇ ತಳಿಗೆ ನೋಂದಣಿ ಕೇಳಿ ಅರ್ಜಿ ಬಂದರೆ ಪ್ರಾಧಿಕಾರ ಅದನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸುತ್ತದೆ. 'ಇದು ನಮ್ಮದು, ಇವರದಲ್ಲ' ಎನ್ನುವವರು ಪ್ರಕಟವಾದ ಮೂರು ತಿಂಗಳೊಳಗೆ ತಕರಾರು ಹಾಕಬೇಕು. ಆ ಪತ್ರಿಕೆ ಕನ್ನಡದಲ್ಲಿ ಬರುವುದಿಲ್ಲ. ನಿಮ್ಮ ವಾಚನಾಲಯದ ಮೇಜಿಗೂ ಬರುವುದಿಲ್ಲ. ಇಂಟರ್ನೆಟ್‌ನಲ್ಲಿದೆ ಎನ್ನುತ್ತಾರೆ. ಇದೆ, ನಿಜ; ಆದರೆ ಯಾವಾಗ, ಏನನ್ನು ನೋಡಬೇಕು ಎಂದು ತಿಳಿದವನು ಊರಿನಲ್ಲಿ ಒಬ್ಬನಾದರೂ ಇರಬೇಕಲ್ಲ? ನಮ್ಮ ಊರಿನ ಸಂರಕ್ಷಣೆಯಿಂದ ಬಂದ ತಳಿಯನ್ನು ಬಳಸಿ ಬೇರೆಯವರು ಹೊಸ ತಳಿ ಮಾಡಿದ್ದರೆ, ಊರಿನ ಪರವಾಗಿ ಪಾಲು ಕೇಳುವ ಹಕ್ಕನ್ನೂ ಈ ಕಾಯ್ದೆ ಕೊಟ್ಟಿದೆ. ಕೇಳಬೇಕಾದರೆ ಪುರಾವೆ ಬೇಕು. ಪುರಾವೆ ಎಂದರೆ ಆ ದಾಖಲಾತಿ. 'ಸ್ಥಳೀಯ' ಎಂಬ ಒಂದು ಪದವನ್ನು ಹಿಡಿದುಕೊಂಡು ಯಾವ ಪ್ರಾಧಿಕಾರದ ಮುಂದೆ ನಿಲ್ಲುತ್ತೀರಿ?

ನಾವು ಬೀಜದ ವಿಷಯದಲ್ಲಿ ಎಚ್ಚರವಿಲ್ಲದ ಜನವೇನೂ ಅಲ್ಲ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ, 1993ರ ಜುಲೈನಲ್ಲಿ ಬಳ್ಳಾರಿಯ ಅದರ ಘಟಕಕ್ಕೆ ಹಸಿರು ಶಾಲಿನವರು ನುಗ್ಗಿದಾಗ ದೇಶವೇ ತಿರುಗಿ ನೋಡಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಡಂಕೆಲ್ ಪ್ರಸ್ತಾವದ ಅರ್ಥವನ್ನು ಹಳ್ಳಿಯ ಕಟ್ಟೆಗಳ ಮೇಲೆ ಬಿಡಿಸಿ ಹೇಳಿದ ಕಾಲ ಅದು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ನಡೆಸಿದ ಸಭೆಗಳು ನಮ್ಮ ಹಿರಿಯರಿಗೆ ನೆನಪಿವೆ. ಆ ಹೋರಾಟದ ರೀತಿಯನ್ನು ಒಪ್ಪದವರೂ ಇದ್ದರು. ಆದರೆ 2001ರ ಕಾಯ್ದೆಯ 39ನೇ ಕಲಮಿನಲ್ಲಿ, ರೈತನು ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು ಎಂದು ಬರೆಯಿಸಿದ್ದರಲ್ಲಿ ದೇಶದ ರೈತ ಚಳವಳಿಗಳ ಕೂಗಿನ ಪಾಲು ಇದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಒಂದೇ ಕಟ್ಟು: ಕಾಯ್ದೆಯಡಿ ರಕ್ಷಣೆ ಪಡೆದ ತಳಿಯ ಹೆಸರು ಅಚ್ಚುಮಾಡಿದ ಚೀಲದಲ್ಲಿ, ಅಂದರೆ ಬ್ರಾಂಡ್ ಹಾಕಿ, ಮಾರುವಂತಿಲ್ಲ. ಪಕ್ಕದ ಮನೆಗೆ ಒಂದು ಕೊಳಗ ಬೀಜ ಕೊಡಲು ಯಾರ ಅಪ್ಪಣೆಯೂ ಬೇಡ.

ಈ ಕಲಮು ಗೊತ್ತಿದ್ದರೆ ಏನು ಫಲ, ಗೊತ್ತಿಲ್ಲದಿದ್ದರೆ ಏನು ಪಾಡು ಎಂಬುದಕ್ಕೆ ಗುಜರಾತಿನ ಆಲೂಗೆಡ್ಡೆ ಪ್ರಕರಣ ಕಣ್ಣೆದುರಿಗಿದೆ. 2019ರಲ್ಲಿ ಪೆಪ್ಸಿಕೋ ಕಂಪನಿ, ತನ್ನ ನೋಂದಾಯಿತ ಆಲೂಗೆಡ್ಡೆ ತಳಿ ಬೆಳೆದರೆಂದು ಅಲ್ಲಿನ ಸಣ್ಣ ರೈತರ ಮೇಲೆ ದಾವೆ ಹೂಡಿತು. ನಾಲ್ವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೇಲೆ ಪರಿಹಾರ ಕೇಳಿತು. ಆಲೂಗೆಡ್ಡೆ ಬೆಳೆದವನಿಗೆ ಕೋಟಿ ರೂಪಾಯಿಯ ನೋಟೀಸು! ರೈತ ಸಂಘಟನೆಗಳು 39ನೇ ಕಲಮನ್ನು ಎತ್ತಿ ಹಿಡಿದವು. ದೇಶದಾದ್ಯಂತ ಗದ್ದಲವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂದೆಗೆದುಕೊಂಡಿತು. ಆ ತಳಿಯ ನೋಂದಣಿಯನ್ನು ಪ್ರಾಧಿಕಾರ 2021ರಲ್ಲಿ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದತಿಯ ಆ ಆದೇಶವನ್ನು ತಳ್ಳಿಹಾಕಿತು. ಹೀಗೆ ನೋಂದಣಿಯ ವ್ಯಾಜ್ಯ ಅತ್ತಿತ್ತ ಎಳೆದಾಡಿತು. ಆದರೆ ರೈತರು ಮೊದಲ ದಿನ ತಪ್ಪೊಪ್ಪಿಗೆ ಬರೆದುಕೊಡಲಿಲ್ಲವಲ್ಲ, ಅದೇ ಅವರನ್ನು ಉಳಿಸಿತು. ಇಂಥ ನೋಟೀಸು ನಾಳೆ ಶ್ರೀರಂಗಪಟ್ಟಣದ ತರಕಾರಿ ಬೆಳೆಗಾರನ ಮನೆ ಬಾಗಿಲಿಗೆ ಬಂದರೆ ಅವನು ಯಾರ ಹತ್ತಿರ ಓಡಬೇಕು?

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಬೇಕಿದ್ದರೆ ಬದನೆಕಾಯಿಯದಿದೆ. ಕರ್ನಾಟಕದ ನಾಡ ಬದನೆಗಳಿಗೆ ಬಿಟಿ ವಂಶವಾಹಿ ಸೇರಿಸುವ ಮೊದಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಲಿಲ್ಲ, ಸ್ಥಳೀಯ ಸಮಿತಿಗಳನ್ನು ಕೇಳಲಿಲ್ಲ ಎಂದು 2010ರಲ್ಲಿ ದೂರು ದಾಖಲಾಯಿತು. 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಯಿತು. ಸರಿತಪ್ಪು ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು. ದೂರು ಕೊಟ್ಟವರು ಬೆಂಗಳೂರಿನ ಪರಿಸರ ಸಂಸ್ಥೆಯವರು. ಬದನೆ ಬೆಳೆದ ಊರಿನ ಯಾವ ಸಮಿತಿಯೂ ಅಲ್ಲ ಎಂಬುದನ್ನು ಮಾತ್ರ ನೀವು ಗಮನಿಸಬೇಕು.

ಇಲ್ಲಿ ಒಂದು ತಪ್ಪು ಅಭಿಪ್ರಾಯಕ್ಕೆ ಎಡೆಗೊಡಬಾರದು. ಬೀಜಕ್ಕೆ ಬೇಲಿ ಹಾಕಿ ಯಾರಿಗೂ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಎಲ್ಲರೂ ಬೇಲಿ ಹಾಕಿದ್ದರೆ ನಾಗಮಂಗಲದ ಬೆದ್ದಲಿನಲ್ಲಿ ರಾಗಿಯ ಇಳುವರಿ ಏರುತ್ತಲೇ ಇರಲಿಲ್ಲ. ರಾಗಿಯೇ ಆಫ್ರಿಕದಿಂದ ಬಂದ ಧಾನ್ಯ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಹೊರತಂದರು. ಇಂಡಿಯದ 'ಇಂಡ್', ಆಫ್ರಿಕದ 'ಆಫ್' ಸೇರಿಯೇ ಆ ಹೆಸರು. ಮುಂದೆ ಬೆಂಕಿ ರೋಗ ಕಾಡಿದಾಗ ಇಂಡಾಫ್ 5, ಇಂಡಾಫ್ 9ರ ಜೊತೆಗೆ ಸಂಗ್ರಹದಲ್ಲಿದ್ದ ಐಇ 1012 ಎಂಬ ರಾಗಿಯನ್ನು ಕೂಡಿಸಿ ಜಿಪಿಯು 28 ಮಾಡಿದರು. ಇವತ್ತು ನಿಮ್ಮಲ್ಲಿ ಎಷ್ಟೋ ಮಂದಿ ಬಿತ್ತುತ್ತಿರುವುದು ಅದನ್ನೇ. ಆ ಒಂದು ರಾಗಿಯನ್ನು ಯಾರೋ ಉಳಿಸಿ, ಯಾರೋ ಕೊಟ್ಟು, ಯಾರೋ ಬರೆದಿಟ್ಟುಕೊಂಡಿದ್ದರಿಂದ ನಮ್ಮ ಬೆಳೆ ಉಳಿಯಿತು. 2001ರಲ್ಲಿ ಒಪ್ಪಿಕೊಂಡು 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. ಭತ್ತ, ರಾಗಿ ಮೊದಲಾದ 64 ಬೆಳೆ ಮತ್ತು ಬೆಳೆಗುಂಪುಗಳ ತಳಿಗಳನ್ನು ದೇಶದೇಶಗಳು ಒಂದು ಕಟ್ಟಳೆಯೊಳಗೆ ಹಂಚಿಕೊಳ್ಳಬೇಕೆಂದು ಅದು ಹೇಳುತ್ತದೆ. ಭಾರತವೂ ಅದಕ್ಕೆ ರುಜು ಹಾಕಿದೆ. ರೈತರ ಹಕ್ಕನ್ನು ಕಾಯುವ ಹೊಣೆ ಆಯಾ ದೇಶದ ಸರ್ಕಾರದ್ದು ಎಂದೂ ಅದೇ ಒಪ್ಪಂದದಲ್ಲಿದೆ. ಕೊಡುವುದು ತಪ್ಪಲ್ಲ, ಯಾರಿಗೆ, ಯಾವುದಕ್ಕೆ, ಯಾವ ಕರಾರಿನ ಮೇಲೆ ಕೊಟ್ಟೆವು ಎಂದು ತಿಳಿಯದೆ ಕೊಡುವುದು ತಪ್ಪು.

ಈ ಅಂತರರಾಷ್ಟ್ರೀಯ ಕಟ್ಟಳೆಗಳನ್ನು ಕಲಿಸಲು ದೊಡ್ಡ ದೊಡ್ಡ ಬೀಜ ಭಂಡಾರಗಳ ವ್ಯವಸ್ಥಾಪಕರಿಗೆ, ಅಧಿಕಾರಿಗಳಿಗೆ ತರಬೇತಿ ಶಿಬಿರಗಳು ನಡೆಯುತ್ತವೆ. ನಡೆಯಬೇಕಾದದ್ದೇ. ದೆಹಲಿಯಲ್ಲಿ ಮೈನಸ್ 18 ಡಿಗ್ರಿ ಚಳಿಯ ಕೋಣೆಯಲ್ಲಿ ಲಕ್ಷಾಂತರ ಮಾದರಿ ಬೀಜಗಳನ್ನು ಕಾಯುವವರಿಗೆ ಕಾನೂನು ಗೊತ್ತಿರಬೇಕು. ಆದರೆ ಹೊಲದಲ್ಲಿ ಇನ್ನೂ ಬದುಕಿರುವ ತಳಿಗಳ ವ್ಯವಸ್ಥಾಪಕರು ಯಾರು? ಕಾನೂನಿನ ಪ್ರಕಾರ ನಿಮ್ಮ ಪಂಚಾಯಿತಿ ಸಮಿತಿಯವರೇ. 2004ರ ನಿಯಮದಲ್ಲಿ ಅವರು ಏಳು ಮಂದಿ. 2023ರ ತಿದ್ದುಪಡಿಯ ಮೇಲೆ ಏಳಕ್ಕೆ ಕಡಿಮೆಯಿಲ್ಲದೆ, ಹನ್ನೊಂದಕ್ಕೆ ಮೀರದೆ ಇರಬಹುದು. ಇವರಿಗೆ ಸಿಗುವ ತರಬೇತಿ ಎಂಥದು? ಒಂದು ದಿನದ ಅರಿವು ಶಿಬಿರ. ಅಂಥದ್ದೊಂದಕ್ಕೆ ನಾನೂ ಹೋಗಿದ್ದೆ. ಬೆಳಿಗ್ಗೆ ಹಾರ ತುರಾಯಿ, ಮಧ್ಯಾಹ್ನ ಊಟ ಚೆನ್ನಾಗಿತ್ತು, ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಕಲಮುಗಳು ಓಡಿದವು. ಕೈಗೊಂದು ಚೀಲ, ಪೆನ್ನು ಕೊಟ್ಟರು. ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತ ರೈತರೊಬ್ಬರು, "ಎಲ್ಲಾ ಸರಿ ಅಣ್ಣ, ಊರಿಗೆ ಹೋಗಿ ನಾನೀಗ ಏನು ಮಾಡಬೇಕು?" ಎಂದರು. ನನ್ನಲ್ಲೂ ಉತ್ತರವಿರಲಿಲ್ಲ.

ನನ್ನ ಅಭಿಪ್ರಾಯ ಹೀಗಿದೆ. ತರಬೇತಿ ನಮ್ಮ ಜಿಲ್ಲೆಯಲ್ಲೇ, ಕನ್ನಡದಲ್ಲೇ ಆಗಬೇಕು. ವಿ.ಸಿ. ಫಾರಂ ಇದೆ, ಕೃಷಿ ವಿಜ್ಞಾನ ಕೇಂದ್ರವಿದೆ, ಜಾಗ ಹುಡುಕಬೇಕಾಗಿಲ್ಲ. ಪಂಚಾಯಿತಿಗೆ ಇಬ್ಬರಂತೆ ಕರೆಯಲಿ, ಅವರಲ್ಲಿ ಒಬ್ಬರು ಹೆಂಗಸರಿರಲಿ. ಬೀಜಕ್ಕೆ ಬೂದಿ ಕಲಸಿದ ಕೈ, ಅವರೆಗೆ ಕೆಮ್ಮಣ್ಣು ಕಟ್ಟಿದ ಕೈ ಮನೆಯಲ್ಲಿ ಯಾರದೆಂದು ನಿಮಗೇ ಗೊತ್ತು. ಒಂದೇ ದಿನದಲ್ಲಿ ಮುಗಿಸದೆ ಬೆಳೆಯ ಜೊತೆಯಲ್ಲೇ ಕಲಿಸಲಿ. ಬಿತ್ತನೆಗೆ ಮುಂಚೆ ಒಂದು ದಿನ, ತೆನೆ ಬಂದಾಗ ಒಂದು ದಿನ, ಕಣದ ಕಾಲದಲ್ಲಿ ಒಂದು ದಿನ. ತೆನೆ ಬಂದಾಗ ಹೊಲದಲ್ಲೇ ನಿಂತು ಬರೆಯುವುದನ್ನು ಕಲಿಯಬೇಕು: ಪೈರಿನ ಎತ್ತರ, ಕಡ್ಡಿಯ ಬಣ್ಣ, ಎಷ್ಟು ದಿನಕ್ಕೆ ತೆನೆ, ತೆನೆ ಮುಷ್ಟಿ ಹಿಡಿದಂತಿದೆಯೋ ಬಿಡಿಸಿದಂತಿದೆಯೋ, ಕಾಳಿನ ಬಣ್ಣ, ಬೀಜ ಯಾರ ಮನೆಯಿಂದ ಬಂತು. ಈ ಆರು ಸಂಗತಿ ಬರೆದರೆ 'ಸ್ಥಳೀಯ' ಎಂಬ ಪದಕ್ಕೆ ಮೈಕೈ ಬರುತ್ತದೆ.

ಕಾನೂನಿನ ಪಾಠವನ್ನು ಕಲಮುಗಳಿಂದ ಆರಂಭಿಸದೆ ಘಟನೆಯಿಂದ ಆರಂಭಿಸಬೇಕು. ಜೀಪಿನಲ್ಲಿ ಒಬ್ಬರು ಬಂದು ಎರಡು ಕೆಜಿ ಬೀಜ, ಜೊತೆಗೆ ಅದರ ಕತೆ ಕೇಳಿದರು, ಏನು ಮಾಡುತ್ತೀರಿ? ಹೆಸರು, ಸಂಸ್ಥೆ, ಉದ್ದೇಶ ಬರೆಸಿಕೊಳ್ಳಿ. ವಿದೇಶಿಯರೋ ವಿದೇಶಿಯರ ಹಿಡಿತದಲ್ಲಿರುವ ಕಂಪನಿಯೋ ಆದರೆ ಚೆನ್ನೈ ಪ್ರಾಧಿಕಾರದ ಅನುಮತಿ ಪತ್ರ ಕೇಳಿ. ದೇಶದ ಕಂಪನಿ ವ್ಯಾಪಾರಕ್ಕೆ ಕೇಳುತ್ತಿದ್ದರೆ ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ತಿಳಿಸಿದ್ದಾರೆಯೇ ಎಂದು ಕೇಳಿ. ಪಕ್ಕದೂರಿನ ರೈತನಾದರೆ ಏನನ್ನೂ ಕೇಳಬೇಡಿ, ಕಾಫಿ ಕೊಟ್ಟು ಬೀಜ ಕೊಡಿ. ಸಮಿತಿ ಎಂಬುದು ರೈತರ ನಡುವಿನ ಕೊಡುಕೊಳ್ಳುವಿಕೆಗೆ ಪೊಲೀಸ್ ಚೌಕಿ ಆಗಬಾರದು. ಹಾಗೆಯೇ, ಕಂಪನಿಯ ನೋಂದಾಯಿತ ತಳಿ ಹೇಳಿದಷ್ಟು ಇಳುವರಿ ಕೊಡಲಿಲ್ಲ, ಆಗೇನು? ಪ್ರಾಧಿಕಾರದ ಮುಂದೆ ಪರಿಹಾರ ಕೇಳಲು ಅದೇ 39ನೇ ಕಲಮಿನಲ್ಲಿ ದಾರಿಯಿದೆ. ಆದ್ದರಿಂದ ಚೀಲ, ಚೀಟಿ, ರಸೀದಿ ಎಸೆಯಬೇಡಿ. ಇಂಥ ಹತ್ತು ಘಟನೆ ಕಲಿತವನಿಗೆ ಕಾನೂನು ತಾನಾಗಿ ಬರುತ್ತದೆ.

'ಹಳೇ ತಳಿಯಲ್ಲಿ ಇಳುವರಿಯೇ ಇಲ್ಲ, ಅದನ್ನು ಕಟ್ಟಿಕೊಂಡು ಏನು ಮಾಡೋಣ' ಎಂದು ನಾಲೆ ಬಯಲಿನ ಗೆಳೆಯರು ಕೇಳುತ್ತಾರೆ. ಅವರ ಮಾತಿನಲ್ಲಿ ನಿಜವಿದೆ. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಕಬ್ಬು, ಅಧಿಕ ಇಳುವರಿ ಭತ್ತ ಹಾಕಿದವರು ಇಡೀ ಗದ್ದೆಗೆ ರಾಜಮುಡಿ, ರತ್ನಚೂಡಿ ಹಾಕಿ ಎಂದರೆ ನಗುತ್ತಾರೆ. ನಾನೂ ಹಾಗೆ ಹೇಳುವುದಿಲ್ಲ. ಆದರೆ ರಾಜಮುಡಿ ಅಕ್ಕಿಯನ್ನು ಪೇಟೆಯಲ್ಲಿ ಈಗ ಯಾವ ಬೆಲೆಗೆ ಮಾರುತ್ತಾರೆಂದು ವಿಚಾರಿಸಿ ನೋಡಿ. ಪಕ್ಕದ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಸಣ್ಣ ಸಣ್ಣ ಪಾತಿಯಲ್ಲಿ ವರ್ಷ ವರ್ಷ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಹಳೆಯ ಮಾವಿನ ತೋಪನ್ನೂ ಕಾಯುತ್ತಿದ್ದಾರೆ. ಒಂದು ಬಸ್ಸಿನ ದೂರ. ಹೋಗಿ ನೋಡಿದರೆ ನನ್ನ ಲೇಖನಕ್ಕಿಂತ ಹೆಚ್ಚು ತಿಳಿಯುತ್ತದೆ. ತಳಿ ಉಳಿಸಿದ ರೈತರಿಗೂ ಊರುಗಳಿಗೂ ಪ್ರಾಧಿಕಾರ ಬಹುಮಾನ ಕೊಡುತ್ತದೆ. ಸಮುದಾಯಕ್ಕೆ ಕೊಡುವ ಬಹುಮಾನ ಹತ್ತು ಲಕ್ಷ ರೂಪಾಯಿಯದು. ಅರ್ಜಿ ಹಾಕಲು ಗೊತ್ತಿದ್ದವರಿಗೆ ಮಾತ್ರ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಂಜನಗೂಡಿನ ರಸಬಾಳೆಯನ್ನು ನೆನೆಯಿರಿ. ಭೌಗೋಳಿಕ ಗುರುತಿನ ಮುದ್ರೆ ಕೈಗೆ ಬರುವ ಹೊತ್ತಿಗೆ ಸೊರಗು ರೋಗ ಬಹುಪಾಲು ತೋಟಗಳನ್ನು ಮುಗಿಸಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಈ ಗಾದೆಯ ಅರ್ಥವನ್ನು ಶ್ರೀರಂಗಪಟ್ಟಣದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಗಮಂಗಲ, ಕೆ.ಆರ್. ಪೇಟೆಯ ಬೆದ್ದಲಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವ ಮನೆಗಳು ಇನ್ನೂ ಇವೆ. ಅವರೆ, ತೊಗರಿ, ಹುಚ್ಚೆಳ್ಳಿನ ಹಳೆಯ ಬೀಜ ಉಳಿದಿರುವುದು ಆ ಸಾಲುಗಳಲ್ಲೇ. ಅವನ್ನು ಬಿತ್ತುವವರಿಗೆ ವಯಸ್ಸಾಗುತ್ತಿದೆ.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಮೂರು ಮಾತು ಕೇಳಿ. ನಮ್ಮ ಸಮಿತಿಯ ಸದಸ್ಯರು ಯಾರು ಯಾರು, ಹೆಸರು ಓದಿ ಹೇಳಿ. ದಾಖಲಾತಿ ಪುಸ್ತಕವನ್ನು ಸಭೆಗೆ ತಂದು ಬೆಳೆಗಳ ಪುಟ ಓದಿ. ಸದಸ್ಯರಿಗೆ ತರಬೇತಿ ಯಾವಾಗ, ಎಲ್ಲಿ? ಉತ್ತರ ಸಿಗದಿದ್ದರೆ ಬೇಸರಪಟ್ಟು ಏಳಬೇಡಿ. ವಾಚನಾಲಯದಲ್ಲಿ ಕುಳಿತು ಒಂದು ಹಾಳೆಯಲ್ಲಿ ಅರ್ಜಿ ಬರೆಯಿರಿ: 'ನಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ಇಬ್ಬರು ಸದಸ್ಯರಿಗೆ ತಳಿ ದಾಖಲಾತಿ ಮತ್ತು ತಳಿ ಕಾನೂನುಗಳಲ್ಲಿ ಕನ್ನಡದಲ್ಲಿ ತರಬೇತಿ ಕೊಡಿಸಬೇಕು' ಎಂದಷ್ಟು ಸಾಕು. ಹತ್ತು ಮಂದಿ ರುಜು ಹಾಕಿ ಒಂದು ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಒಂದನ್ನು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ, ಒಂದನ್ನು ಬೆಂಗಳೂರಿನ ಜೀವವೈವಿಧ್ಯ ಮಂಡಳಿಗೆ ಕಳಿಸಿ. ಪಂಚಾಯಿತಿಗೆ ಕೊಟ್ಟ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.